ದೊಡ್ಡಪ್ಪನ ಗಾಡಿಯ ಹಣೆ

ನಮ್ಮ ಮನೆಗೆ ಊಟಕ್ಕೆ ಬಂದವರು ಕೈ ತೊಳೆಯಲು ಹಿತ್ತಲಿಗೆ ಹೋದರೆ ಒಂದು ಪ್ರಶ್ನೆ ಹೊತ್ತುಕೊಂಡೇ ಒಳಗೆ ಬರುತ್ತಾರೆ. "ಅಲ್ರೀ ಸರ್, ಹೀರೀಬಳ್ಳಿಗೆ ಅದೇನ್ರೀ ಅದು, ಸ್ಟೀಲಿನ ಪಟ್ಟಿ ಕಟ್ಟೀರಲ್ಲ?"

ಕೇಳುವವರದು ತಪ್ಪಲ್ಲ. ಬಳ್ಳಿ ಹಬ್ಬಲೆಂದು ರಾಯಚೂರಿನ ಮಂದಿ ತೊಗರಿಕಟ್ಟಿಗೆ ನೆಡುತ್ತಾರೆ, ಬಿದಿರು ನೆಡುತ್ತಾರೆ, ಏನೂ ಸಿಗದಿದ್ದರೆ ಹಳೆಯ ಸೀರೆಯ ಅಂಚು ಹರಿದು ಕಟ್ಟುತ್ತಾರೆ. ನಮ್ಮ ಹಿತ್ತಲಲ್ಲಿ ಮಾತ್ರ ನಾಲ್ಕು ಬೆರಳು ಅಗಲದ, ಕನ್ನಡಿಯ ಹಾಗೆ ಹೊಳೆಯುವ, ತುದಿಯಲ್ಲಿ ತುಸು ಬಾಗಿದ ಎರಡು ಪಟ್ಟಿಗಳು ನಿಂತಿವೆ. ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ. ಹನ್ನೊಂದು ಗಂಟೆಯ ಹೊತ್ತಿಗೆ ಪಟ್ಟಿ ಹಂಚಿನಂತೆ ಕಾಯ್ದು, ಅದನ್ನು ನಂಬಿ ಮೇಲೇರಿದ ಬಳ್ಳಿಯ ಎಲೆ ಸುಟ್ಟು ಹೋಗುತ್ತದೆ. ಆಗ ನನ್ನ ಹೆಂಡತಿ ಅನ್ನಪೂರ್ಣ ಅದಕ್ಕೆ ಒದ್ದೆ ಗೋಣಿಚೀಲ ಸುತ್ತುತ್ತಾಳೆ. ಬಳ್ಳಿಗೆ ಆಸರೆ ಕೊಡಲು ಪಟ್ಟಿ, ಪಟ್ಟಿಯಿಂದ ಬಳ್ಳಿಯನ್ನು ಕಾಯಲು ಗೋಣಿಚೀಲ!

ಕೇಳಿದವರಿಗೆ ನಾನು ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ಅನ್ನಪೂರ್ಣ ಬಿಡುವುದಿಲ್ಲ. ಒಲೆಯ ಮುಂದಿನಿಂದಲೇ ಕೂಗುತ್ತಾಳೆ: "ಅದು ನಮ್ಮ ಮನಿಯವರ ಕಿರೀಟರೀ. ತಲಿಗೆ ಕೂಡ್ಲಿಲ್ಲ, ಅದಕ್ಕ ಬಳ್ಳಿಗೆ ಕಟ್ಟೀನಿ."

ದಿನಾ ಮುಂಜಾನೆ ಒಂದು ಗುಬ್ಬಿ ಬಂದು ಆ ಪಟ್ಟಿಯಲ್ಲಿ ಕಾಣುವ ಇನ್ನೊಂದು ಗುಬ್ಬಿಯನ್ನು ಟಕ್ ಟಕ್ ಎಂದು ಕುಕ್ಕುತ್ತದೆ. ನಾನು ಹಲ್ಲುಜ್ಜುತ್ತ ನಿಂತಿರುತ್ತೇನೆ. ಗುಬ್ಬಿಯ ಹಿಂದೆ ನನ್ನ ಮುಖವೂ ಕಾಣುತ್ತದೆ, ಅಗಲವಾಗಿ, ಕುಂಬಳಕಾಯಿಯ ಹಾಗೆ. ಅದನ್ನು ಕಂಡಾಗಲೆಲ್ಲ ನನಗೆ ಗುಬ್ಬಿಯದೇ ಸರಿ ಅನ್ನಿಸುತ್ತದೆ.

ಇವತ್ತು ಹೇಳಿಯೇ ಬಿಡುತ್ತೇನೆ. ಎದುರಿಗೆ ಕೂತವರಿಗೆ ಹೇಳಲು ನಾಲಿಗೆ ಏಳುವುದಿಲ್ಲ. ಕಾಗದವಾದರೆ ಹುಬ್ಬೇರಿಸುವುದಿಲ್ಲ.

ಆ ಪಟ್ಟಿಗಳು ನಮ್ಮ ದೊಡ್ಡಪ್ಪನ ಅಂಬಾಸಿಡರ್ ಗಾಡಿಯ ಬಂಪರಿಗೆ ನಾನು ಹಾಕಿಸಿದ ಶೃಂಗಾರ.

ನಾನು ಶಾಲೆ ಕಲಿತದ್ದು ದೇವದುರ್ಗದಲ್ಲಿ, ದೊಡ್ಡಪ್ಪನ ಮನೆಯಲ್ಲಿದ್ದುಕೊಂಡು. ಅಕ್ಷರ ಶಾಲೆಯಲ್ಲಿ ಬಂತು. ಮಾತು ಬಂದದ್ದು ದೊಡ್ಡವ್ವನಿಂದ. ಆಕೆ ಸುಮ್ಮನೆ "ಅನ್ನ ಹಳಸ್ಯಾದ" ಎನ್ನುತ್ತಿರಲಿಲ್ಲ, "ಅನ್ನಕ್ಕ ಮುಪ್ಪು ಬಂದದ" ಎನ್ನುತ್ತಿದ್ದಳು. ದೊಡ್ಡಪ್ಪ ಹತ್ತಿ ವ್ಯಾಪಾರ ಮಾಡುತ್ತಿದ್ದ. ಒಂದು ವರ್ಷ ಹತ್ತಿ ಚೆನ್ನಾಗಿ ಬಂದು ಹೈದರಾಬಾದಿನಿಂದ ಆ ಬಿಳಿ ಗಾಡಿ ತಂದ. ನಾಲ್ಕು ದಿನ ಹತ್ತಿ ಮಿಲ್ಲಿನ ಅಂಗಳದಲ್ಲಿ ಸುತ್ತು ಹೊಡೆದು ಡ್ರೈವಿಂಗ್ ಕಲಿತ. ಐದನೆಯ ದಿನ ದೊಡ್ಡವ್ವನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಿಂದೆ ಓಣಿಯ ಹುಡುಗರನ್ನು ತುಂಬಿಕೊಂಡು, ಪೂಜೆ ಮಾಡಿಸಲು ಗೂಗಲ್ ಎಂಬ ಊರಿನ ಗುಡಿಗೆ ಹೊರಟ. ನನಗೆ ಜ್ವರ. ಮನೆಯಲ್ಲಿ ಮಲಗಿದ್ದೆ. ಆದರೂ ಆ ದಿನದ ಕತೆಯನ್ನು ದೊಡ್ಡಪ್ಪನ ಬಾಯಿಂದ ಎಷ್ಟು ಸಲ ಕೇಳಿದ್ದೇನೆಂದರೆ, ಹೋದವರಿಗಿಂತ ನನಗೇ ಹೆಚ್ಚು ನೆನಪಿದೆ.

ಗುಡಿಯ ಮುಂದೆ ಗಾಡಿ ನಿಲ್ಲಿಸಲು ಹೋಗಿ ದೊಡ್ಡಪ್ಪ ಬ್ರೇಕಿನ ಬದಲು ಪಕ್ಕದ್ದನ್ನು ತುಳಿದ. ಗಾಡಿ ನೆಗೆದು ಅಲ್ಲೊಂದು ಗಿಡ್ಡ ಕಲ್ಲುಕಂಬಕ್ಕೆ ಧಡ್ ಎಂದು ಬಡಿಯಿತು. ಬಂಪರಿನ ನಟ್ಟನಡುವೆ ಬೊಗಸೆಯಷ್ಟು ತಗ್ಗು. ಮಂದಿ ಕೂಡಿತು. ಆಗ ದೊಡ್ಡಪ್ಪ ಇಳಿದು, ಮೀಸೆ ಸರಿಮಾಡಿಕೊಂಡು, "ನೋಡ್ರಪಾ, ನಾವಿನ್ನೂ ಚಪ್ಪಲಿ ಬಿಟ್ಟಿಲ್ಲ, ನಮ್ಮ ಗಾಡಿ ಆಗಲೇ ದೇವರಿಗೆ ಹಣಿ ಹಚ್ಚೇದ!" ಎಂದನಂತೆ. ಪೂಜಾರಿ ಆ ತಗ್ಗಿಗೇ ವಿಭೂತಿ ಹಚ್ಚಿದನಂತೆ.

ಅಂದಿನಿಂದ ಅದು ತಗ್ಗಲ್ಲ, ಗಾಡಿಯ ಹಣೆ. ಪ್ರತಿ ಅಮಾವಾಸ್ಯೆ ದೊಡ್ಡವ್ವ ಮೂರು ಬೆರಳು ವಿಭೂತಿ ಎಳೆಯುವುದು ಅಲ್ಲಿಯೇ. ಊರಿಗೆ ಹೊರಡುವ ಮುಂಚೆಯೂ ಅಲ್ಲಿಯೇ. ಬೇರೆ ಯಾರ ಗಾಡಿಗೂ ವಿಭೂತಿ ಇಟ್ಟುಕೊಳ್ಳಲು ಅಂಥ ಜಾಗವಿರಲಿಲ್ಲ. ನಮ್ಮ ಗಾಡಿಯದು ಉಳಿಯುತ್ತಿತ್ತು, ಧೂಳಿಗೂ ಮಳೆಗೂ ಜಗ್ಗದೆ. ಗ್ಯಾರೇಜಿನವನೊಬ್ಬ ಅದನ್ನು ಬಡಿದು ಸರಿ ಮಾಡುತ್ತೇನೆಂದಾಗ ದೊಡ್ಡಪ್ಪ ಅವನ ಮನೆಯ ನೀರನ್ನೂ ಕುಡಿಯದೆ ಎದ್ದು ಬಂದಿದ್ದ.

ಆ ಗಾಡಿಯಲ್ಲಿ ಓಡಾಡಿದ್ದಕ್ಕಿಂತ ಅದನ್ನು ನೂಕಿದ್ದೇ ನನಗೆ ಹೆಚ್ಚು. ಬೇಸಿಗೆಯಲ್ಲಿ ಚಡ್ಡಿ ಹಾಕಿಕೊಂಡು ಸೀಟಿನ ಮೇಲೆ ಕೂತರೆ ತೊಡೆ ರೆಗ್ಜಿನ್ನಿಗೆ ಅಂಟಿ, ಏಳುವಾಗ ಚರ್ರೆಂದು ಸದ್ದಾಗುತ್ತಿತ್ತು. ಪೆಟ್ರೋಲು, ಶೇಂಗಾಹಿಂಡಿ, ಬಿಸಿಲು ಮೂರೂ ಕಲೆತ ಒಂದು ವಾಸನೆ. ಎಡಗಡೆಯ ಮುಂದಿನ ಬಾಗಿಲಿಗೆ ಒಂದು ಹಟವಿತ್ತು: ಅದನ್ನು ಸುಮ್ಮನೆ ಎಳೆದರೆ ಮುಚ್ಚುತ್ತಿರಲಿಲ್ಲ. ಸ್ವಲ್ಪ ಮೇಲಕ್ಕೆತ್ತಿ, ಆಮೇಲೆ ಎಳೆಯಬೇಕು. ಅದು ದೊಡ್ಡವ್ವ ಕೂರುವ ಕಡೆಯ ಬಾಗಿಲು. ಹೊಸಬರು ಬಂದರೆ ಮೂರು ಸಲ ಬಡಿದು ಸೋಲುವರು. ಆಕೆ ಮಾತಾಡುತ್ತಲೇ ಎತ್ತಿ ಎಳೆದುಬಿಡುತ್ತಿದ್ದಳು.

ದೊಡ್ಡವ್ವನ ಇನ್ನೊಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಐದನೆಯ ಇಯತ್ತೆಯಲ್ಲಿ ನನ್ನ ಚಡ್ಡಿ ಹಿಂದೆ ಹರಿದಿತ್ತು. ನಾನು ಬರೆಯುವ ಪಾಟಿಯನ್ನು ಹಿಂದಕ್ಕೆ ಹಿಡಿದು ಮುಚ್ಚಿಕೊಂಡು, ಗೋಡೆಗೆ ಬೆನ್ನು ತಾಗಿಸಿಕೊಂಡು ಏಡಿಯ ಹಾಗೆ ಅಡ್ಡಡ್ಡ ನಡೆಯುತ್ತಿದ್ದೆ. ದೊಡ್ಡವ್ವ ನೋಡಿದಳು. ಮರುದಿನ ಆ ಹರುಕಿಗೆ ಹಸಿರು ಬಟ್ಟೆಯಲ್ಲಿ ಗಿಳಿಯೊಂದನ್ನು ಹೊಲಿದು ಕೊಟ್ಟಳು, ಕೆಂಪು ಕೊಕ್ಕು, ಕರಿಮಣಿಯ ಕಣ್ಣು. ಆ ವಾರವೆಲ್ಲ ನಾನು ಶಾಲೆಯಲ್ಲಿ ಎಲ್ಲರಿಗೂ ಬೆನ್ನು ತೋರಿಸಿಕೊಂಡೇ ತಿರುಗಿದೆ. ಇಬ್ಬರು ಹುಡುಗರು ಗಿಳಿ ಬೇಕೆಂದು ಚಡ್ಡಿ ಹರಿದುಕೊಂಡು ಮನೆಯಲ್ಲಿ ಏಟು ತಿಂದರು.

ಇಷ್ಟು ಕಂಡವನಿಗೆ ಬುದ್ಧಿ ಬಂದಿರಬೇಕಿತ್ತಲ್ಲ? ಬರಲಿಲ್ಲ. ನಾನು ಕಡೆಯವರೆಗೂ ಪಾಟಿ ಹಿಡಿದುಕೊಂಡವನೇ.

ದೊಡ್ಡಪ್ಪ ತೀರಿಕೊಂಡ ಮೇಲೆ ಅವನ ಮಗ, ವರಸೆಯಲ್ಲಿ ನನಗೆ ತಮ್ಮ, ಗಾಡಿ ತನಗೆ ಬೇಡ, ಟ್ರ್ಯಾಕ್ಟರ್ ಸಾಕು ಎಂದ. ದೊಡ್ಡವ್ವ ಚಾವಿಯನ್ನು ನನ್ನ ಕೈಗೆ ಹಾಕಿದಳು. ಆಗಲೇ ಆಕೆಯ ಕಣ್ಣು ಮಂಜಾಗತೊಡಗಿತ್ತು.

"ಬಣ್ಣಾ ಬದಲಿ ಮಾಡು, ಗಾಲಿ ಬದಲಿ ಮಾಡು, ಬೇಕಂದ್ರ ಇಂಜನ್ನೂ ಬದಲಿ ಮಾಡು ಶರಣೂ. ಹಣಿ ಒಂದು ಮುಟ್ಟಬ್ಯಾಡ. ನನಗಿನ್ನ ಕಾಣೂದು ಅಷ್ಟ ಉಳದದ, ಬೆರಳಿಗೆ."

"ಮುಟ್ಟೂದಿಲ್ಲ ದೊಡ್ಡವ್ವಾ" ಎಂದೆ. ಹದಿನೆಂಟು ವರ್ಷ ಮುಟ್ಟಲೂ ಇಲ್ಲ.

ನಾನು ಶಾಲೆಯ ಮಾಸ್ತರಿಕೆಯಿಂದ ನಿವೃತ್ತನಾದ ವರ್ಷ ಮಗಳು ಸುಜಾತಾಳ ಮದುವೆಯಾಯಿತು. ಮಾನ್ವಿಯ ಕಡೆಯ ಸಂಬಂಧ. ಬೀಗರು ಅಕ್ಕಿ ಮಿಲ್ಲಿನವರು, ಒಳ್ಳೆಯ ಮನುಷ್ಯರು. ಅವರ ಅಂಗಳದಲ್ಲಿ ಕಾರುಗಳು ಎಮ್ಮೆಗಳ ಹಾಗೆ ಸಾಲಾಗಿ ಕಪ್ಪಗೆ ಮಿರುಗುತ್ತ ನಿಂತಿರುತ್ತವೆ. ಮದುವೆಯ ದಿನ ನಾನು ನನ್ನ ಗಾಡಿಯನ್ನು ಆ ಸಾಲಿಗೆ ತಂದು ನಿಲ್ಲಿಸುತ್ತಿದ್ದಂತೆ ಕಾವಲಿನವನು ಕೋಲು ಬೀಸುತ್ತ ಓಡಿಬಂದ.

"ಏ, ಇಲ್ಲಿ ಹಚ್ಚಬ್ಯಾಡ್ರಿ, ಹಿಂದ ಲಾರಿ ಕಡೆ ಹಚ್ಚರಿ. ಇಲ್ಲಿ ಬೀಗರ ಗಾಡಿ ಬರಾವ ಅವ."

"ನಾನ ಬೀಗಾ ಅದೀನೋ" ಎಂದೆ.

ಅವನು ನನ್ನನ್ನು ನೋಡಲಿಲ್ಲ. ಬಂಪರನ್ನು ನೋಡಿದ. ಆ ತಗ್ಗನ್ನು, ಅದರಲ್ಲಿನ ಹಳೆಯ ವಿಭೂತಿಯನ್ನು ನೋಡಿ ಅವನ ಮುಖದಲ್ಲಿ ಮೂಡಿದ ಅನುಮಾನವಿದೆಯಲ್ಲ, ಅದು ನನ್ನ ಎದೆಯಲ್ಲಿ ಸಣ್ಣ ಮುಳ್ಳಾಗಿ ಉಳಿಯಿತು. ಬೀಗರಿಗೆ ಇದು ಗೊತ್ತೂ ಇಲ್ಲ. ಗೊತ್ತಾಗಿದ್ದರೆ ಅವನನ್ನು ಬೈಯುತ್ತಿದ್ದರು. ಮುಳ್ಳು ಮಾತ್ರ ನನ್ನದು.

ಎರಡನೆಯ ವರ್ಷ ಸುಜಾತಾಳಿಗೆ ಏಳು ತಿಂಗಳಾಗಿ ಕುಬಸದ, ಅಂದರೆ ಸೀಮಂತದ, ದಿನ ಗೊತ್ತಾಯಿತು. ಬಸುರಿ ಮಗಳಿಗೆ ತವರಿನಿಂದ ಬುತ್ತಿ ಹೋಗಬೇಕು: ಸಜ್ಜೆ ರೊಟ್ಟಿ, ಕರಿಗಡಬು, ಹೋಳಿಗೆ, ಮೊಸರನ್ನದ ಗಡಿಗೆ, ಹಸಿರು ಸೀರೆ. ಅನ್ನಪೂರ್ಣ ಒಲೆಯ ಮುಂದೆ ಬೆವರು ಸುರಿಸುತ್ತಿದ್ದರೆ, ನಾನು ಮೀಸೆಗೆ ಕಪ್ಪು ಹಚ್ಚಿಕೊಂಡು ಕಾರಿನ ಶೃಂಗಾರದ ಅಂಗಡಿಗೆ ಹೋದೆ.

ಅಂಗಡಿಯ ಖಾಜಾಸಾಬ್ ನನ್ನ ವಯಸ್ಸಿನವನೇ. ನನ್ನ ಗಾಡಿಗೆ ಹೊಂದುವ ಕ್ರೋಮ್ ಪಟ್ಟಿಗಳನ್ನು ಎಲ್ಲಿಂದಲೋ ತರಿಸಿದ್ದ. ಬಂಪರಿನ ಮೇಲೆ ಇಟ್ಟು, ಒಂದು ಕಣ್ಣು ಮುಚ್ಚಿ ನೋಡಿ, ತಲೆಯಾಡಿಸಿದ.

"ಕೂಡಂಗಿಲ್ರಿ ಮಾಸ್ತರ್ರ. ನಡುವ ಈ ತಗ್ಗದಲ್ಲ, ಇಲ್ಲಿ ಪಟ್ಟಿ ಅಂಟಿಸೋ ಟೇಪು ಗಾಳಿ ಹಿಡೀತದ. ಹತ್ತು ದಿನಕ್ಕ ಕಿತ್ತು ಬರ್ತದ. ಹಿಂದಿಂದ ಬಡದು ಸಪಾಟ ಮಾಡಬೇಕಾಗ್ತದ."

ಅವನು ಬೆರಳಿಂದ ತಗ್ಗು ಸವರಿ ನೋಡಿದ. ಬೆರಳಿಗೆ ವಿಭೂತಿ ಹತ್ತಿತು.

"ಇದು ಏನೋ ಇಟ್ಕೊಂಡ ನಿಶಾನಿ ಕಾಣ್ತದಲ್ರೀ. ಮನಿಯಾಗ ಒಂದು ಮಾತು ಕೇಳಿ ಬರ್ತೀರೇನು?"

ನೋಡಿ, ಅವನಿಗೆ ತಿಳಿಯಿತು. ದೇವದುರ್ಗ ಗೊತ್ತಿಲ್ಲದವನಿಗೆ, ನಮ್ಮ ದೊಡ್ಡವ್ವನನ್ನು ಕಾಣದವನಿಗೆ ತಿಳಿಯಿತು. ನನಗೆ ಮಾತ್ರ ಕಣ್ಣ ಮುಂದೆ ಆ ಕಾವಲಿನವನ ಮುಖ.

"ಮನಿಯಾಗ ಕೇಳೂದೇನದ? ಬಡದು ತೆಗೀರಿ" ಎಂದೆ.

ಬಂಪರು ಬಿಚ್ಚಿ, ಮರದ ದಿಮ್ಮಿಯ ಮೇಲೆ ಬೋರಲು ಹಾಕಿ, ಖಾಜಾಸಾಬ್ ಸುತ್ತಿಗೆ ಎತ್ತಿದ. ಹದಿನೈದು ಏಟು ಬಿದ್ದಿರಬೇಕು. ನಾನು ಚಹಾ ಕುಡಿಯುವ ನೆಪದಲ್ಲಿ ಎದುರಿನ ಹೋಟೆಲಿಗೆ ಹೋದೆ. ಅಲ್ಲಿಗೂ ಕೇಳಿಸುತ್ತಿತ್ತು. ಮರಳಿ ಬಂದಾಗ ಬಂಪರು ಹಲಗೆಯ ಹಾಗೆ ಚಪ್ಪಟೆಯಾಗಿತ್ತು. ಪಟ್ಟಿ ಅಂಟಿಸಿ, ಬಿಸಿಗಾಳಿ ಹಿಡಿದು, ಬಟ್ಟೆಯಿಂದ ಒತ್ತಿ ಒತ್ತಿ ಒರೆಸಿದ. ಮೈಗೆಲ್ಲ ಪಾಲಿಶ್ ಬೇರೆ ಮಾಡಿದ್ದ. ಗಾಡಿ ಹಲ್ಲು ಕಟ್ಟಿಸಿಕೊಂಡ ಮುದುಕನ ಹಾಗೆ ನಗುತ್ತಿತ್ತು. ನನಗೆ ಬಹಳ ಹಿಡಿಸಿತು, ಅದನ್ನೂ ಮುಚ್ಚಿಡುವುದಿಲ್ಲ.

ಕುಬಸದ ದಿನ ಮಾನ್ವಿಯಲ್ಲಿ ಕಾವಲಿನವನು ಕೋಲು ಬೀಸಲಿಲ್ಲ. ಮುಂದಿನ ಸಾಲಿನಲ್ಲೇ ಜಾಗ ತೋರಿಸಿ ಸಲಾಮು ಹೊಡೆದ. ಬೀಗರು ವೀರಭದ್ರಪ್ಪ ಕಟ್ಟೆಯಿಂದ ಇಳಿದು ಬಂದು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು.

"ಏನ್ ಬೀಗರ, ಗಾಡಿ ಬದಲಿ ಮಾಡೀರಿ! ಅದು ಮುಂದ ಜಜ್ಜಿ ಹೋಗಿತ್ತಲ್ಲ. ಇದು ಭಾರಿ ಇಟ್ಟಾರ ನೋಡ್ರಿ. ಈಗ ಇಂಥಾ ಗಾಡಿ ಹುಡುಕಿ ತಗೋಳೂದು ದೊಡ್ಡ ಶೋಕಿ ಅಂತ. ಎಲ್ಲಿ ಸಿಕ್ತು?"

ಅವರು ಕಪಟವಿಲ್ಲದೆ ಕೇಳಿದರು. ನಾನು ನಕ್ಕು, "ಹೈದರಾಬಾದದಾಗ ಸಿಕ್ತ್ರಿ" ಎಂದೆ. ಅಕ್ಷರಕ್ಕೆ ನೋಡಿದರೆ ಅದು ಸುಳ್ಳೂ ಅಲ್ಲ, ದೊಡ್ಡಪ್ಪ ತಂದದ್ದು ಅಲ್ಲಿಂದಲೇ. ಸುಳ್ಳಾಡುವವನಿಗೆ ಇಂಥ ಸಣ್ಣ ಸಣ್ಣ ಆಸರೆಗಳು ಬೇಕಾಗುತ್ತವೆ. ಬುತ್ತಿಯ ಗಂಟು ಇಳಿಸುತ್ತಿದ್ದ ಅನ್ನಪೂರ್ಣ ಒಂದು ಗಳಿಗೆ ನಿಂತು ನನ್ನನ್ನು ನೋಡಿ, ಮತ್ತೆ ಇಳಿಸತೊಡಗಿದಳು.

ಆಗ ಒಳಗಿನಿಂದ ದೊಡ್ಡವ್ವ ಬಂದಳು. ಮೊಮ್ಮಗಳ ಕುಬಸವೆಂದು ಆಕೆಯನ್ನು ಮಗ ಹಿಂದಿನ ದಿನವೇ ದೇವದುರ್ಗದಿಂದ ಬಸ್ಸಿನಲ್ಲಿ ಕರೆತಂದು ಬಿಟ್ಟುಹೋಗಿದ್ದ. ಈಗ ಆಕೆಯ ಕಣ್ಣಿಗೆ ಬೆಳಕು ನೆರಳು ಬಿಟ್ಟರೆ ಏನೂ ಕಾಣದು. ಎಡಗೈಯಲ್ಲಿ ವಿಭೂತಿಯ ಉಂಡೆ.

"ಬುತ್ತಿ ಬಂತೇನು? ಶರಣೂ, ಗಾಡಿ ಎಲ್ಲಿ ನಿಂದ್ರಿಸೀದಿ? ಬಸುರಿ ಹೆಂಗಸಿನ ಬುತ್ತಿ ಹೊತ್ತು ತಂದದ, ಹಣಿಗೆ ಹಚ್ಚತೀನಿ."

ಯಾರೋ ಕೈ ಹಿಡಿದು ಕರೆತಂದರು. ದೊಡ್ಡವ್ವ ಬಾಗಿ ಬಂಪರು ಮುಟ್ಟಿದಳು. ಬೆರಳು ಎಡದ ದೀಪದಿಂದ ಬಲದ ದೀಪದವರೆಗೆ ಹೋಯಿತು. ಮರಳಿ ಬಂತು. ನಡುವೆ ನಿಂತಿತು. ಮತ್ತೊಮ್ಮೆ ಹೋಯಿತು.

"ಇದ್ಯಾರ ಗಾಡಿಯೋ?"

ಬೀಗರು ಪಕ್ಕದಲ್ಲೇ ಅಡಿಕೆ ಕತ್ತರಿಸುತ್ತ ನಿಂತಿದ್ದರು. ಅವರ ಮನೆಯ ನಾಲ್ಕು ಮಂದಿ ನಿಂತಿದ್ದರು.

"ನಂದ ದೊಡ್ಡವ್ವಾ."

"ಮತ್ತ ನಿಮ್ಮ ದೊಡ್ಡಪ್ಪನ ಗಾಡಿ?"

"ಅದು... ಮನಿಯಾಗ ಅದ. ಇದು ಬ್ಯಾರೆ."

"ಮಾರಿಲ್ಲಲ್ಲ?"

"ಇಲ್ಲ."

"ಹಂಗಾರ ಆತು ಬಿಡು." ಆಕೆಯ ಮುಖ ಹಗುರಾಯಿತು. "ಯಾರದಾದ್ರೇನು, ನಮ್ಮ ಕೂಸಿನ ಬುತ್ತಿ ತಂದದ." ಮೂರು ಬೆರಳು ವಿಭೂತಿ ಎಳೆದಳು. ಕ್ರೋಮಿನ ಮೇಲೆ ಅದು ನಿಲ್ಲಲಿಲ್ಲ. ಬೀಸುಕಲ್ಲಿನಿಂದ ಹಿಟ್ಟು ಉದುರಿದ ಹಾಗೆ ನೆಲಕ್ಕೆ ಉದುರಿತು. ಇನ್ನೊಮ್ಮೆ ಎಳೆದಳು. "ಹಿಡೀವಲ್ದಲ್ಲೋ ಇದು" ಎಂದು, ಬೆರಳಲ್ಲಿ ಉಳಿದದ್ದನ್ನು ತನ್ನ ಹಣೆಗೇ ಒರೆಸಿಕೊಂಡು ಒಳಗೆ ಹೋದಳು.

ಅಂದಿನ ಹೋಳಿಗೆಯ ರುಚಿ ಹೇಗಿತ್ತೆಂದು ನನ್ನನ್ನು ಕೇಳಬೇಡಿ.

ಊಟವಾಗಿ, ಇಳಿಹೊತ್ತಿನಲ್ಲಿ ಹೊರಟೆವು. ದೊಡ್ಡವ್ವನನ್ನು ದೇವದುರ್ಗಕ್ಕೆ ಬಿಟ್ಟು ರಾಯಚೂರಿಗೆ ಹೋಗುವುದೆಂದು ಮೊದಲೇ ಮಾತಾಗಿತ್ತು. ಸುಜಾತಾ ಹಸಿರು ಬಳೆಯ ಕೈಯಿಂದ ಅಜ್ಜಿಯನ್ನು ಎಡಗಡೆಯ ಮುಂದಿನ ಸೀಟಿಗೆ ಕೂರಿಸಿದಳು. ಬಾಗಿಲು ಎಳೆಯಲು ನಾನು ಆ ಕಡೆಗೆ ಬರುವಷ್ಟರಲ್ಲಿ ದೊಡ್ಡವ್ವ, ಮೊಮ್ಮಗಳಿಗೆ ಏನೋ ಹೇಳುತ್ತಲೇ, ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಎಳೆದಳು. ಧಪ್ ಎಂದು ಮುಚ್ಚಿತು.

ಆಕೆಯ ಮಾತು ಅಲ್ಲೇ ನಿಂತಿತು. ಕೈ ಹಿಡಿಕೆಯ ಮೇಲೆಯೇ ಇತ್ತು. ಆಮೇಲೆ ಕೈಯನ್ನು ಮಡಿಲಿಗೆ ತಂದುಕೊಂಡಳು.

ದಾರಿಯುದ್ದಕ್ಕೂ ನಾನು ಕಾದೆ. ಕಾಲುವೆ ಬಂತು, ನೆಲ್ಲಿನ ಗದ್ದೆಗಳು ಮುಗಿದು ಹತ್ತಿಯ ಹೊಲಗಳು ಬಂದವು. ದೊಡ್ಡವ್ವ ಸುಜಾತಾಳ ಕಾಲು ಬಾತಿದ್ದರ ಬಗ್ಗೆ ಮಾತಾಡಿದಳು, ಬೀಗಿತ್ತಿಯ ಕೈರುಚಿಯ ಬಗ್ಗೆ ಮಾತಾಡಿದಳು, ಕರಿಗಡಬಿಗೆ ಬೆಲ್ಲ ತುಸು ಮುಂದಾಗಿತ್ತು ಎಂದಳು. ಗಾಡಿಯ ಮಾತು ಒಂದೂ ಆಡಲಿಲ್ಲ. ಬೈದಿದ್ದರೆ ಬದುಕುತ್ತಿದ್ದೆ.

ದೇವದುರ್ಗದ ಮನೆಯ ಮುಂದೆ ಇಳಿದು, ಬಾಗಿಲನ್ನು ಮತ್ತೆ ಎತ್ತಿ ಎಳೆದು ಮುಚ್ಚಿ, ಕಿಟಕಿಯ ಮೇಲೆ ಕೈಯಿಟ್ಟಳು.

"ಗಾಡಿ ಛಲೋ ಅದಪಾ. ಹುಷಾರಲೇ ಹೋಗು. ಮನಿಯಾಗಿನ ಗಾಡೀಗೂ ಹೇಳು, ದೊಡ್ಡವ್ವ ಕೇಳ್ಯಾಳಂತ."

ಊರು ದಾಟಿ ಎರಡು ಮೈಲು ಬಂದ ಮೇಲೆ ಹಿಂದಿನ ಸೀಟಿನಿಂದ ಅನ್ನಪೂರ್ಣ ಮೆಲ್ಲಗೆ ಅಂದಳು:

"ಹೇಳ್ರಿ ಮತ್ತ."

"ಏನು?"

"ದೊಡ್ಡವ್ವಾರು ಕೇಳ್ಯಾರಂತ. ಗಾಡೀಗೆ ಹೇಳ್ರಿ."

ನಾನು ಗೇರು ಬದಲಿಸಿದೆ. ಸ್ಟೇರಿಂಗು ಬಿಸಿಯಾಗಿತ್ತು. ಹಗಲಿನ ಬಿಸಿಲೆಂದುಕೊಂಡೆ.

ಮರುದಿನವೇ ಖಾಜಾಸಾಬನ ಅಂಗಡಿಗೆ ಹೋಗಿ ಪಟ್ಟಿ ಕೀಳಿಸಿದೆ. ಅವನು ಬಿಸಿಗಾಳಿ ಹಿಡಿದು ನಿಧಾನಕ್ಕೆ ಎಬ್ಬಿಸಿದ. ಬಂಪರಿನ ಮೇಲೆ ಟೇಪಿನ ಕಪ್ಪು ಅಂಟು ಉಳಿಯಿತು.

"ಖಾಜಾಸಾಬ್, ಆ ತಗ್ಗು ಮೊದಲಿನಂಗ ಮಾಡಾಕ ಆಗ್ತದೇನು?"

ಅವನು ಸುತ್ತಿಗೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. "ಮಾಸ್ತರ್ರ, ಜಿಂದಗಿ ಪೂರಾ ತಗ್ಗು ತೆಗಿಯೋದು ಮಾಡೀನಿ. ಹಾಕೋದು ಯಾರೂ ಕೇಳಿಲ್ಲ. ಒಂದು ಏಟು ಹಾಕ್ತೀನಿ, ತಗ್ಗು ಬೀಳ್ತದ. ಆದ್ರ ಅದು ನನ್ನ ಸುತ್ತಿಗಿ ತಗ್ಗು ಆಗ್ತದ. ನಿಮಗ ಬೇಕಾದ್ದು ಅದಲ್ಲಲ್ಲ?"

ಅಂಟು ಒರೆಸಲು ಎಣ್ಣೆಯ ಬಟ್ಟೆ ತೆಗೆದುಕೊಂಡ. ಬೇಡವೆಂದೆ. ಕಿತ್ತ ಪಟ್ಟಿಗಳನ್ನು ಗಾಡಿಯೊಳಗೆ ಹಾಕಿಕೊಂಡು ಹಾಗೇ ಬಂದೆ.

ಮುಂದಿನ ಅಮಾವಾಸ್ಯೆಗೆ ದೇವದುರ್ಗಕ್ಕೆ ಹೋದೆ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಕೈ ಹಿಡಿದು ಕರೆತಂದು, ಆಕೆಯ ಅಂಗೈಯನ್ನು ನಾನೇ ಬಂಪರಿನ ಮೇಲೆ ಇಟ್ಟೆ. ಹೋಗುತ್ತ ದಾರಿಯಲ್ಲಿ ಕಟ್ಟಿಕೊಂಡಿದ್ದ ಮಾತೆಲ್ಲ ಉದುರಿಹೋಯಿತು.

"ದೊಡ್ಡವ್ವಾ, ಇದ ಅದು. ಮಾನ್ವಿಗೆ ತಂದದ್ದೂ ಇದ. ಹಣಿ ನಾನ ಬಡಿಸಿ ತೆಗಿಸೀನಿ."

"ಯಾಕೋ?"

"ನಾಚಿಕಿ ಆತು. ಬೀಗರ ಮುಂದ."

ಆಕೆಯ ಬೆರಳುಗಳು ಚಪ್ಪಟೆಯಾದ ಆ ಕಬ್ಬಿಣದ ಮೇಲೆ ಹುಡುಕುತ್ತಲೇ ಇದ್ದವು.

"ನಿಮ್ಮ ದೊಡ್ಡಪ್ಪಗೂ ನಾಚಿಕಿ ಆಗಿತ್ತು, ಆವತ್ತು ಗೂಗಲ್ಲಿನಾಗ. ಸ್ಟೇರಿಂಗಿಗೆ ತಲಿ ಹಚ್ಚಿ ಕುಂತುಬಿಟ್ಟ. ಇಳೀಲಿಲ್ಲ. ಸುತ್ತ ಮಂದಿ ನಿಂತು ನಗಾಕತ್ತಿತ್ತು. ನಾನ ಇಳದು ಹೋಗಿ, 'ಗಾಡಿ ದೇವರಿಗೆ ಹಣಿ ಹಚ್ಚೇದ, ನಗತೀರೇನು? ವಿಭೂತಿ ತರ್ರಿ' ಅಂದೆ. ಮಂದಿ ಸುಮ್ಮಗಾತು. ಆಮ್ಯಾಲೆ ಅವ ಇಳದ."

"ದೊಡ್ಡಪ್ಪನ ಅಂದದ್ದಂತ ಹೇಳತಿದ್ದನಲ್ಲ?"

"ಹೇಳಕೊಳ್ಳಲಿ ಅಂತ ನಾ ಸುಮ್ಮಗಿದ್ದೆ. ಗಂಡಸು, ಅಷ್ಟು ಮಂದ್ಯಾಗ ನಾಚಿಕೊಂಡಿದ್ದ."

ನನ್ನ ಚಡ್ಡಿಯ ಮೇಲಿನ ಗಿಳಿ ನೆನಪಾಯಿತು. ಅರವತ್ತು ದಾಟಿದ ನಾನು ಆ ಬೀದಿಯಲ್ಲಿ ಐದನೆಯ ಇಯತ್ತೆಯ ಹುಡುಗನಾಗಿ ನಿಂತೆ. ನನಗೂ ಒಂದು ಮಾತು ಹೊಲಿದು ಕೊಡುತ್ತಾಳೆ ಎಂದು, ಸುಳ್ಳೇಕೆ ಹೇಳಲಿ, ಕಾದೆ.

ದೊಡ್ಡವ್ವ ಸೆರಗಿನ ಗಂಟಿನಿಂದ ವಿಭೂತಿ ತೆಗೆದು ಮೂರು ಬೆರಳು ಎಳೆದಳು. ಟೇಪಿನ ಅಂಟಿದ್ದ ಕಡೆ ಅದು ಅಷ್ಟಿಷ್ಟು ಹಿಡಿಯಿತು, ಉಳಿದದ್ದು ಉದುರಿತು. ಆಕೆಯ ತುಟಿ ಅಲುಗಿತು, ನಿಂತಿತು.

"ನಿನ್ನ ನಾಚಿಕಿಗೆ ಏನಂತ ಅನ್ಲೋ ಶರಣೂ" ಎಂದಳು ಕಡೆಗೆ. ಸಿಟ್ಟಿರಲಿಲ್ಲ ಅದರಲ್ಲಿ. "ಹುಡಕಾಕತ್ತೀನಿ. ಬಾಯಿಗೆ ಬರವಲ್ದು."